ಹನ್ನೊಂದು ಕಿಂಡಿ, ಒಂದು ಹಗ್ಗ

ನಮ್ಮ ಮನೆಯಲ್ಲಿ ಯಾವ ಮಾತೂ ಗುಟ್ಟಾಗಿ ಉಳಿಯುವುದಿಲ್ಲ. ತಪ್ಪು ಮನೆಯವರದಲ್ಲ, ಗೋಡೆಗಳದು. ಗೋಡೆಗೂ ಕಿವಿ ಇರುತ್ತದೆ ಎಂದು ಮಿಕ್ಕವರು ಮಾತಿಗೆ ಹೇಳುತ್ತಾರೆ; ನಮ್ಮ ಗೋಡೆಗಳಿಗೆ ಬಾಯಿಯೂ ಇದೆ. ಒಂದೆರಡಲ್ಲ, ಹನ್ನೊಂದು. ಬೆಳಿಗ್ಗೆ ಹೆಂಡತಿಗೆ ಕೇಳಿಸಲಿ ಎಂದು ನಾನು ಗೊಣಗಿದ್ದು ಅವಳಿಗೆ ಕೇಳಿಸಿರುವುದಿಲ್ಲ. ಹತ್ತು ಗಂಟೆಗೆ ಪಕ್ಕದ ಮನೆಯ ಪದ್ಮಕ್ಕ ಕಾಂಪೌಂಡಿನ ಆಚೆಯಿಂದ, "ದಿನಾ ಉಪ್ಪಿಟ್ಟು ಅಂದ್ರೆ ಯಾರಿಗಾದ್ರೂ ಬೇಜಾರೇ, ಪಾಪ" ಎಂದು ನನ್ನ ಪರವಾಗಿ ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಮನೆಯೊಳಗೆ ಏನಾಗುತ್ತದೋ ಅದೂ ಪದ್ಮಕ್ಕನಿಗೆ ಕೇಳಿಸುತ್ತದೆ.

ಬಸವನಗುಡಿಯ ಈ ಮನೆಯನ್ನು ನನ್ನ ತಾತ ಕಟ್ಟಿಸಿದ್ದು 1936ರಲ್ಲಿ. ಇಟ್ಟಿಗೆ, ಗಾರೆ, ಒಂದೂವರೆ ಅಡಿ ದಪ್ಪದ ಗೋಡೆ, ಹದಿಮೂರಡಿ ಎತ್ತರದಲ್ಲಿ ತೇಗದ ತೊಲೆಗಳ ಮೇಲೆ ಮದ್ರಾಸ್ ತಾರಸಿ, ಕಾಲ ಕೆಳಗೆ ಕೆಂಪು ಗಾರೆಯ ನೆಲ. ಸೂರಿಗೆ ಇನ್ನೊಂದು ಅಡಿ ಇದೆ ಎನ್ನುವಲ್ಲಿ ಹೊರಗೋಡೆಗಳಲ್ಲಿ ಕಿಂಡಿಗಳು: ನಡುಮನೆಗೆ ನಾಲ್ಕು, ಮೂರು ಕೋಣೆಗೆ ಒಂದೊಂದು, ಅಡುಗೆಮನೆಗೆ ಎರಡು, ಬಚ್ಚಲಿಗೊಂದು, ಉಗ್ರಾಣಕ್ಕೊಂದು. ತಾತ ಸಂಸ್ಕೃತದ ಮೇಷ್ಟರು. ಕಿಂಡಿಗಳನ್ನು ಎಣಿಸಿ, ಹನ್ನೊಂದು ಬಂದಿದ್ದೇ ತಡ, ಏಕಾದಶ ರುದ್ರರು ಎಂದು ಹೆಸರಿಟ್ಟರಂತೆ. ಬೃಹದಾರಣ್ಯಕ ಉಪನಿಷತ್ತಿನ ಲೆಕ್ಕದಲ್ಲಿ ಹನ್ನೊಂದು ರುದ್ರರೆಂದರೆ ಮನುಷ್ಯನೊಳಗಿನ ಹತ್ತು ಪ್ರಾಣಗಳು, ಜೊತೆಗೆ ಆತ್ಮ. ಇವು ದೇಹ ಬಿಟ್ಟು ಹೊರಟಾಗ ಇದ್ದವರನ್ನು ಅಳಿಸುತ್ತವೆ, ಅದಕ್ಕೇ ರುದ್ರರು. ನಮ್ಮ ರುದ್ರರು ಎಲ್ಲಿಗೂ ಹೊರಡದೆಯೇ ನಮ್ಮನ್ನು ಅಳಿಸುತ್ತಿದ್ದರು.

ಪುಸ್ತಕದ ಮಾತಿನಲ್ಲಿ ಈ ಕಿಂಡಿ ಗವಾಕ್ಷಿ, ಎಂದರೆ ಗೋವಿನ ಕಣ್ಣು. ಬಸವನಗುಡಿಯ ಮನೆಗೆ ದನದ ಕಣ್ಣಿರುವುದು ನ್ಯಾಯವೇ. ಗುಡ್ಡದ ಮೇಲಿನ ದೊಡ್ಡ ಬಸವಣ್ಣನ ಹಾಗೆಯೇ ನಮ್ಮ ಮನೆಯೂ ರೆಪ್ಪೆ ಬಡಿಯದೆ ಬೀದಿ ನೋಡುತ್ತ ಕೂತಿದೆ. ಕೆಲವರು ಬೆಳಕಿಂಡಿ ಎನ್ನುತ್ತಾರೆ. ನಾವು ಮಾತ್ರ ಬೆಂಗಳೂರಿನವರಾದ್ದರಿಂದ ಇಷ್ಟು ಚೆಂದದ ಎರಡು ಹೆಸರನ್ನು ಬಿಟ್ಟು 'ವೆಂಟಿಲೇಟರ್' ಎನ್ನುತ್ತೇವೆ. ಇದರಿಂದ ಆದ ಅನಾಹುತವನ್ನು ಮುಂದೆ ಹೇಳುತ್ತೇನೆ.

ಎಂಬತ್ತೆಂಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಎದ್ದದ್ದು 2024ರ ಏಪ್ರಿಲ್‌ನಲ್ಲಿ. ಆ ತಿಂಗಳ ಕೊನೆಗೆ ಬೆಂಗಳೂರಿನ ಬಿಸಿಲು 38.5 ಡಿಗ್ರಿ ಮುಟ್ಟಿತು. ಪಿಂಚಣಿದಾರರ ಸ್ವರ್ಗ ಎಂದು ಹೆಸರು ಪಡೆದ ಊರಿನಲ್ಲಿ ಪಿಂಚಣಿದಾರನಾದ ನಾನು ಒದ್ದೆ ಟವೆಲ್ ಹೊದ್ದು ಕೂತಿದ್ದೆ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ನನ್ನ ಮಗ ಲ್ಯಾಪ್‌ಟಾಪಿಗೆ ಒಂದು, ತನಗೊಂದು ಫ್ಯಾನ್ ಇಟ್ಟುಕೊಂಡು ಒಂದು ವಾರ ನೋಡಿದ. ಎಂಟನೆಯ ದಿನ, "ಅಪ್ಪಾ, ನನ್ನ ರೂಮಿಗೆ ಎಸಿ ಹಾಕಿಸ್ತೀನಿ" ಅಂದ. ದುಡ್ಡು ಅವನದು. ನಾನು ಉದಾರವಾಗಿ ಒಪ್ಪಿದೆ.

ಎಸಿ ಅಳತೆಗೆ ಬಂದ ಹುಡುಗ ಕೋಣೆಯ ನಡುವೆ ನಿಂತು ತಲೆ ಎತ್ತಿದ. ಎತ್ತಿದವನು ಎತ್ತುತ್ತಲೇ ಹೋದ. ಹದಿಮೂರಡಿ ಎತ್ತರದ ಕೋಣೆಯನ್ನು ಅವನು ಕಲ್ಯಾಣಮಂಟಪದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಕೊನೆಗೆ ಅವನ ಕಣ್ಣು ಕಿಂಡಿಯ ಮೇಲೆ ನಿಂತಿತು.

"ಸಾರ್, ಆ ಹೋಲ್ ಪ್ಯಾಕ್ ಮಾಡಿಸ್ಬೇಕು."

"ಮಾಡಿಸದಿದ್ರೆ?"

"ಇಡೀ ಬಸವನಗುಡಿಗೇ ಎಸಿ ಹಾಕಿಸ್ದಂಗೆ ಆಗುತ್ತೆ. ಕರೆಂಟ್ ಬಿಲ್ ಮಾತ್ರ ನಿಮ್ಮ ಹೆಸ್ರಿಗೆ ಬರುತ್ತೆ. ಪ್ಯಾಕ್ ಮಾಡಿಸಿದ್ರೂ ಈ ಹೈಟಿಗೆ ಎರಡು ಟನ್ ಬೇಕು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ತಂದೆಗೆ ಗಾಬರಿಯಾಯಿತು. ಅವರನ್ನು ನಾವು ಅಣ್ಣ ಎನ್ನುತ್ತೇವೆ, ವಯಸ್ಸು ಎಂಬತ್ತಾರು. "ಎರಡು ಟನ್ನೇ? ಗಾರೆ ಗೋಡೆ ಕಣೋ, ತಡೆಯುತ್ತೇನೋ?" ಅಂದರು. ಮಗ ನಗುತ್ತ ಬಿಡಿಸಿ ಹೇಳಿದ: ಇದು ಪೆಟ್ಟಿಗೆಯ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಕೋಣೆಯಿಂದ ಎಳೆದುಹಾಕುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ. ಅಣ್ಣ ಯೋಚಿಸಿ, "ಹಾಗಾದ್ರೆ ದಿನಾ ಎರಡು ಟನ್ ಮಂಜುಗಡ್ಡೆ ತಂದುಬಿಟ್ಟು ನೀನು ಅದರ ಪಕ್ಕದಲ್ಲಿ ಕೂತುಕೊಂಡ ಹಾಗೆ ಅನ್ನು" ಅಂದರು. ಲೆಕ್ಕ ಸರಿಯಾಗಿತ್ತು. ಮಗ ಸ್ವಲ್ಪ ಸಣ್ಣಗಾದ.

ಒಂದು ಕಿಂಡಿ ಮುಚ್ಚುವ ಮಾತು ಎರಡು ದಿನದಲ್ಲಿ ಹನ್ನೊಂದನ್ನೂ ಮುಚ್ಚುವ ಮಾತಾಯಿತು. ಮನೆಯ ಕೆಲಸಗಳ ಗುಣವೇ ಅದು. ಹೇಗೂ ಮೇಸ್ತ್ರಿ ಬರುತ್ತಾನೆ, ಹೇಗೂ ಮರಳು ಬರುತ್ತದೆ. ನನ್ನ ಹೆಂಡತಿ ಆರೋಪಪಟ್ಟಿ ಸಿದ್ಧ ಮಾಡಿದಳು. ಮೊದಲನೆಯದು ಧೂಳು: ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಸಂಜೆ ಬೆರಳಿನಲ್ಲಿ ಶ್ರೀ ಬರೆಯಬಹುದು. ಎರಡನೆಯದು ಪಾರಿವಾಳ. ಮೂರನೆಯದು ಅಳಿಲು, ಅದು ನಡುಮನೆಯ ಮೂರನೆಯ ಕಿಂಡಿಯಲ್ಲಿ ಗೂಡು ಕಟ್ಟಲು ನನ್ನ ಜನಿವಾರವನ್ನೇ ಒಯ್ದಿತ್ತು. ನಾಲ್ಕನೆಯದು ಸದ್ದು: ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ, ಕಡಲೆಕಾಯಿ ಪರಿಷೆಯ ಪೀಪಿ. ಐದನೆಯದು ಪದ್ಮಕ್ಕ. ಆರನೆಯದೂ ಪದ್ಮಕ್ಕನೇ ಆಗಬೇಕಿತ್ತು, ಆದರೆ ಈ ಚರ್ಚೆಯೂ ಕಿಂಡಿಯ ಕೆಳಗೇ ನಡೆಯುತ್ತಿದ್ದುದರಿಂದ ಅವಳು ದನಿ ತಗ್ಗಿಸಿ "ಸೊಳ್ಳೆ" ಅಂದಳು.

ಸೊಳ್ಳೆಯ ಮಾತು ಬಂದಾಗ ನನಗೆ ಬೆಂಗಳೂರಿನ ಒಂದು ಹಳೆಯ ಕಥೆ ನೆನಪಾಗಿ, ಹೇಳಿಯೂಬಿಟ್ಟೆ. ನಿವೃತ್ತರಾದವರಿಗೆ ಎಲ್ಲ ಮಾತಿಗೂ ಒಂದು ಹಳೆಯ ಕಥೆ ನೆನಪಾಗುತ್ತದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೈನ್ಯದ ವೈದ್ಯನಾಗಿ ಇಲ್ಲಿನ ದಂಡು ಪ್ರದೇಶಕ್ಕೆ ಬಂದಿದ್ದ. ಕೊಟ್ಟ ಬಂಗಲೆಯಲ್ಲಿ ಸೊಳ್ಳೆಯೋ ಸೊಳ್ಳೆ. ಹುಡುಕಿದರೆ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬ ಸೊಳ್ಳೆಮರಿ. ತೊಟ್ಟಿ ಬರಿದು ಮಾಡಿಸಿದ, ಕಾಟ ಇಳಿಯಿತು. ಮೆಸ್ಸಿನ ಸುತ್ತಲೂ ಹೀಗೇ ಮಾಡೋಣ ಎಂದರೆ ಮೇಲಿನ ಅಧಿಕಾರಿ ಒಪ್ಪಲಿಲ್ಲ. ಹದಿನಾಲ್ಕು ವರ್ಷದ ಮೇಲೆ, 1897ರಲ್ಲಿ, ಅದೇ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡ. 1902ರಲ್ಲಿ ಅವನಿಗೆ ನೊಬೆಲ್ ಬಂತು. ಅಲ್ಲಿಯವರೆಗೆ ಜನ ಆ ಜ್ವರ ಕೆಟ್ಟ ಗಾಳಿಯಿಂದ ಬರುತ್ತದೆ ಎಂದುಕೊಂಡಿದ್ದರು. ಇಟಲಿ ಭಾಷೆಯಲ್ಲಿ ಮಲೇರಿಯಾ ಅಂದರೆ ಕೆಟ್ಟ ಗಾಳಿ ಎಂದೇ ಅರ್ಥ. ಕೆಟ್ಟ ಗಾಳಿ ಹೊರಗೆ ಹೋಗಲಿ ಎಂದು ಗೋಡೆಗೆ ಕಿಂಡಿ ಇಟ್ಟರು. ನಿಜವಾದ ಅಪರಾಧಿ ಅದೇ ಕಿಂಡಿಯಿಂದ ಹಾಡಿಕೊಂಡು ಒಳಗೆ ಬಂದಿತು.

"ಅಂದ್ರೆ ಮುಚ್ಚಿಸಬೇಕು ಅಂತ ತಾನೇ?" ಹೆಂಡತಿ ಕೇಳಿದಳು. ನಾನು ಕಥೆ ಹೇಳಿದ್ದೆನೇ ಹೊರತು ಅದರಿಂದ ಏನು ತಿಳಿಯಬೇಕೆಂದು ಯೋಚಿಸಿರಲಿಲ್ಲ.

ನಿಜಕ್ಕೂ ಮನಸ್ಸು ಎಳೆಯುತ್ತಿದ್ದುದು ತಾತನ ಕಡೆಗೆ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ತಾತನಿಗೆ ಎಂಟು ವರ್ಷ. ಪೇಟೆಯ ಒಂದು ಓಣಿಯಲ್ಲಿ ಅವರ ಮನೆ; ಎಡಬಲದ ಗೋಡೆಗಳು ಪಕ್ಕದವರವು, ಗಾಳಿ ಬೆಳಕು ಏನಿದ್ದರೂ ಬೀದಿಬಾಗಿಲಿನಿಂದ. ಇಲಿ ಬಿತ್ತೆಂದು ಮನೆ ಬಿಟ್ಟು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿದರು. ಹೋಗುವಾಗ ಆರು ಜನ, ಮರಳುವಾಗ ನಾಲ್ಕು ಜನ. ಆ ಪ್ಲೇಗಿನ ಭಯದಿಂದ ಬೆಳೆದದ್ದೇ ಬಸವನಗುಡಿ, ಮಲ್ಲೇಶ್ವರ: ಅಗಲ ರಸ್ತೆ, ಮನೆ ಮನೆಯ ನಡುವೆ ಜಾಗ, ಹಿತ್ತಲ ಹಿಂದೆ ಕನ್ಸರ್ವೆನ್ಸಿ ಓಣಿ. ಪ್ಲೇಗು ಗಾಳಿಯಿಂದಲ್ಲ, ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಎಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲೇ. ತಾತ ಮನೆ ಕಟ್ಟಿಸುವ ಹೊತ್ತಿಗೆ ಇದು ಶಾಲೆಯ ಹುಡುಗರಿಗೂ ಗೊತ್ತಿತ್ತು. ಆದರೆ ಎಂಟು ವರ್ಷದ ಹುಡುಗನ ಮೂಗಿನಲ್ಲಿ ಕೂತ ಮುಗ್ಗಲು ವಾಸನೆ ವಿಜ್ಞಾನ ಓದಿದ ಮಾತ್ರಕ್ಕೆ ಹೋಗುತ್ತದೆಯೇ? ಮೇಸ್ತ್ರಿ ಏಳು ಕಿಂಡಿ ಸಾಕು ಅಂದಿದ್ದನಂತೆ. ತಾತ ಹನ್ನೊಂದು ಬಿಡಿಸಿದರು.

ಕಾರಣ ತಪ್ಪಾದರೂ ಕೆಲಸ ಸರಿಯಾಗಿತ್ತು. ಬಿಸಿಗಾಳಿ ಹಗುರ, ಮೇಲೇರುತ್ತದೆ. ಸೂರಿನ ಬಳಿ ದಾರಿ ಇದ್ದರೆ ಹೊರಟುಹೋಗುತ್ತದೆ. ಅದು ತೆರವು ಮಾಡಿದ ಜಾಗಕ್ಕೆ ಕಿಟಕಿಯಿಂದ, ಬಾಗಿಲ ಸಂದಿನಿಂದ ತಂಪುಗಾಳಿ ಬರುತ್ತದೆ. ಸೌದೆ ಒಲೆಯ ಹೊಗೆಯೂ, ಸೀಮೆಎಣ್ಣೆ ದೀಪದ ಕಮಟೂ ಹೋಗಿದ್ದು ಹೀಗೆಯೇ. ಕರೆಂಟಿಲ್ಲ, ರಿಮೋಟಿಲ್ಲ, ಸರ್ವಿಸಿಂಗಿಲ್ಲ. ಕೊರೋನಾ ಕಾಲದಲ್ಲಿ ವೈದ್ಯರೆಲ್ಲ ಕಿಟಕಿ ತೆಗೆದಿಡಿ, ಗಾಳಿ ಆಡಲಿ ಎಂದು ಟಿವಿಯಲ್ಲಿ ಬೇಡಿಕೊಳ್ಳುತ್ತಿದ್ದಾಗ ನಾನು ತಾತನ ಫೋಟೋಗೆ ಎರಡು ದಿನ ಹೆಚ್ಚಿಗೆ ಹೂವಿಟ್ಟಿದ್ದೆ. ಅದೇ ತಾತನ ಕಣ್ಣೆದುರು ಈಗ ಇಟ್ಟಿಗೆ ಲೆಕ್ಕ ಹಾಕುತ್ತಿದ್ದೆ.

ಉಗ್ರಾಣದ ಕಿಂಡಿಯ ಮೇಲಂತೂ ನನಗೆ ಬೇರೆಯೇ ಮೋಹ. ಅದರ ಹಲಗೆ ಚಿಕ್ಕಂದಿನಲ್ಲಿ ಹಗಲೂ ಮುಚ್ಚಿಕೊಂಡಿರುತ್ತಿತ್ತು. ಹಲಗೆಯ ಒಂದು ಗಂಟು ಉದುರಿ ಬಟಾಣಿ ಗಾತ್ರದ ತೂತು ಬಿದ್ದಿತ್ತು. ಬೇಸಿಗೆ ರಜೆಯ ಮಧ್ಯಾಹ್ನ ಉಪ್ಪಿನಕಾಯಿ ಕದಿಯಲು ಹೋಗಿ ಬಾಗಿಲು ಹಾಕಿಕೊಂಡರೆ, ಎದುರಿನ ಗೋಡೆಯ ಮೇಲೆ ಬೀದಿಯೇ ತಲೆಕೆಳಗಾಗಿ ತೂಗುತ್ತಿತ್ತು. ತಲೆಕೆಳಗಾದ ಹೊಂಗೆ ಮರ, ತಲೆಕೆಳಗಾದ ಸೈಕಲ್ಲು, ಕಾಲು ಮೇಲಾಗಿ ನಡೆದುಹೋಗುವ ಪದ್ಮಕ್ಕನ ಅತ್ತೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ರಾಜಗೋಪುರದ ನೆರಳು ಸಣ್ಣ ಕಿಂಡಿಯಿಂದ ಬಂದು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಆಮೇಲೆ ನೋಡಿದಾಗ ಎಲ್ಲರೂ ಆಹಾ ಅಂದರು. ನಾನು ಮಾತ್ರ, ಇದು ನಮ್ಮ ಉಗ್ರಾಣದಲ್ಲೇ ಇದೆಯಲ್ಲ ಅಂದುಕೊಂಡೆ. ಬೆಳಕು ನೇರವಾಗಿ ಹೋಗುತ್ತದೆ. ಮೇಲಿನದು ತೂತಿನಲ್ಲಿ ನುಸುಳಿ ಕೆಳಕ್ಕೂ ಕೆಳಗಿನದು ಮೇಲಕ್ಕೂ ಬೀಳುತ್ತದೆ, ಅಷ್ಟೇ. ಆದರೆ ಉಪ್ಪಿನಕಾಯಿ ಚಪ್ಪರಿಸುತ್ತ ನೋಡಿದರೆ ಅಷ್ಟೇ ಅನ್ನಿಸುವುದಿಲ್ಲ.

ಸಲಹೆಗಳಿಗೆ ಬರ ಬರಲಿಲ್ಲ. ವಾಸ್ತು ಬಲ್ಲ ನೆಂಟರು, ವಾಯುವ್ಯ ಮೂಲೆ ವಾಯುದೇವನದು, ಅದೊಂದನ್ನು ಬಿಟ್ಟು ಮಿಕ್ಕ ಹತ್ತು ಮುಚ್ಚಿಸು ಅಂದರು. ವಾಯುವ್ಯದಲ್ಲಿದ್ದದ್ದು ಬಚ್ಚಲು. ಬೆಳಗಿನ ವಾಕಿಂಗಿನ ಗೆಳೆಯರು ಗಾಜಿನ ಇಟ್ಟಿಗೆ, ಎಕ್ಸಾಸ್ಟ್ ಫ್ಯಾನು, ಥರ್ಮಾಕೋಲ್ ಎಂದು ಮೂರು ಪಕ್ಷ ಕಟ್ಟಿಕೊಂಡು ನನ್ನನ್ನು ನಡುವೆ ಬಿಟ್ಟು ಜಗಳವಾಡಿದರು. ಕೊನೆಗೆ ಬಂದ ಮೇಸ್ತ್ರಿ ಏಣಿ ಹತ್ತಿ, ಉಗುರಿನಿಂದ ಗಾರೆ ಕೆರೆದು, ಮೂಸಿ ನೋಡಿದ.

"ಮುಚ್ಚಬೋದು ಸಾಮಿ. ಒಂದಕ್ಕೆ ಸಾವಿರದಿನ್ನೂರು. ಆದ್ರೆ ಇದು ಸುಣ್ಣದ ಗೋಡೆ. ಮಳೇಲಿ ನೀರು ಕುಡೀತದೆ, ಬಿಸಿಲಲ್ಲಿ ಬಿಡ್ತದೆ. ಕಿಂಡಿ ಮುಚ್ಚಿ ಸಿಮೆಂಟ್ ಮೆತ್ತಿದ್ರೆ ಒಳಗಿನ ತೇವ ಎಲ್ಲಿಗೋಯ್ತದೆ? ಎರಡು ಮಳೆಗಾಲ ಕಳೀಲಿ, ಬೂಷ್ಟು ಬರ್ತದೆ. ಆಗ ಮತ್ತೆ ನನ್ನೇ ಕರೀತೀರಿ."

"ಆಗ ಏನು ಮಾಡ್ತೀಯ?"

"ಕಿಂಡಿ ಒಡೀತೀನಿ. ಅದಕ್ಕೆ ಎರಡು ಸಾವಿರ."

ಇಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ನಾನು ನನ್ನ ಮೂವತ್ತೈದು ವರ್ಷದ ಬ್ಯಾಂಕಿನ ಕೆಲಸದಲ್ಲಿ ಕಂಡಿರಲಿಲ್ಲ.

ಬಚ್ಚಲಿನ ಕಿಂಡಿಯ ಮಾತು ಬಂದಾಗ ಮಾತ್ರ ಮಗನೇ ಗಟ್ಟಿಯಾಗಿ ಬೇಡ ಅಂದ. ಅಲ್ಲಿ ಗ್ಯಾಸ್ ಗೀಸರ್ ಇದೆ. ಗಾಳಿಯಾಡದ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕ ಕೂರುವ ಜಾಗವನ್ನು ಅದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದು ಕೂರುತ್ತದೆ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ. ಇದರಲ್ಲಿ ತಮಾಷೆಯೇನೂ ಇಲ್ಲದ್ದರಿಂದ ಎಲ್ಲರೂ ತಕ್ಷಣ ಒಪ್ಪಿದೆವು. ಅಡುಗೆಮನೆಯದನ್ನೂ ಬಿಡೋಣ, ಸಿಲಿಂಡರ್ ಸೋರಿದರೆ ಗ್ಯಾಸು ಕಿಂಡಿಯಿಂದ ಹೋಗುತ್ತದೆ ಎಂದು ನಾನು ಜಾಣತನ ತೋರಿಸಿದೆ. ಹೆಂಡತಿ, "ಗ್ಯಾಸು ಗಾಳಿಗಿಂತ ಭಾರ, ನೆಲಕ್ಕಿಳಿಯುತ್ತೆ. ಸೋರಿದ್ರೆ ಬಾಗಿಲು ತೆಗೀಬೇಕು, ಸ್ವಿಚ್ ಮುಟ್ಟಬಾರದು. ಇಷ್ಟೂ ಗೊತ್ತಿಲ್ವಾ ನಿಮಗೆ? ಅಡುಗೆಮನೆ ಕಡೆ ಬಂದಿದ್ರೆ ತಾನೇ" ಅಂದಳು. ಮಾರನೆಯ ದಿನ ಪದ್ಮಕ್ಕ ನನ್ನನ್ನು ಕಂಡು, "ನೆಲಕ್ಕಿಳಿಯುತ್ತೆ ಅಂತ ನಂಗೂ ಗೊತ್ತಿರಲಿಲ್ಲ ಬಿಡಿ" ಎಂದು ಸಮಾಧಾನ ಹೇಳಿದರು.

ಇನ್ನೂ ಏನೂ ತೀರ್ಮಾನವಾಗದೆ ತಲೆ ಬಿಸಿಯಾಗಿದ್ದ ಒಂದು ಮಧ್ಯಾಹ್ನ ಮೈಸೂರಿನಿಂದ ಚಿಕ್ಕಮ್ಮನ ಫೋನು. ಅವರಿಗೆ ಕಿವಿ ಸ್ವಲ್ಪ ಮಂದ. ಯೋಗಕ್ಷೇಮ ಕೇಳಿ, "ಮತ್ತೇನೋ ವಿಶೇಷ?" ಅಂದರು.

"ವಿಶೇಷ ಏನಿಲ್ಲ ಚಿಕ್ಕಮ್ಮ, ಈ ವೆಂಟಿಲೇಟರ್‌ದೇ ಯೋಚನೆ" ಅಂದೆ.

ಆ ಕಡೆ ಸದ್ದಿಲ್ಲ. ಲೈನು ಸರಿಯಿಲ್ಲವೆಂದು ನಾನು ಗಟ್ಟಿಯಾಗಿ ಮುಂದುವರಿಸಿದೆ. "ಇಟ್ಕೊಳ್ಳೋದೋ, ತೆಗೆಸಿಬಿಡೋದೋ ಗೊತ್ತಾಗ್ತಿಲ್ಲ. ಮಗ ತೆಗೆಸೋಣ ಅಂತಾನೆ. ಇನ್ನು ಇಟ್ಕೊಂಡು ಏನೂ ಪ್ರಯೋಜನ ಇಲ್ಲ, ಬರೀ ಖರ್ಚು ಅಂತಾನೆ."

"ಭಾವ?" ಚಿಕ್ಕಮ್ಮನ ದನಿ ನಡುಗಿತು.

"ಅಣ್ಣನಾ? ಕಣ್ಣು ಮುಚ್ಕೊಂಡು ಮಲಗಿದಾರೆ. ಎದ್ರೆ ಒಂದು ಮಾತು ಕೇಳೋಣ ಅಂತ."

"ಎದ್ರೆ..." ಚಿಕ್ಕಮ್ಮ ಬಿಕ್ಕಿದರು. "ಹೇಗಿದ್ದೋರು! ನಾವು ಬರೋವರೆಗೂ ಏನೂ ಮಾಡಬೇಡ್ರಪ್ಪಾ!"

"ಇದಕ್ಕೆ ನೀವ್ಯಾಕೆ ಬರ್ತೀರಿ ಚಿಕ್ಕಮ್ಮ? ಬಂದೋರು ಅರ್ಧ ದಿನದಲ್ಲಿ ಎಲ್ಲಾ ಮುಗಿಸಿ ಹೋಗ್ತಾರೆ" ಎಂದೆ. ಫೋನು ಕಟ್ಟಾಯಿತು. ವಯಸ್ಸಾದವರಿಗೆ ಹಳೆಯ ಮನೆಯ ಮೇಲೆ ಎಷ್ಟು ಪ್ರೀತಿ ಎಂದು ನನಗೆ ಕಣ್ಣು ಒದ್ದೆಯಾಯಿತು.

ಮಾರನೆಯ ಬೆಳಿಗ್ಗೆ ಆರೂವರೆಗೆ ಗೇಟಿನ ಮುಂದೆ ಕಾರು ನಿಂತಿತು. ಚಿಕ್ಕಮ್ಮ, ಅವರ ಇಬ್ಬರು ಮಕ್ಕಳು, ಒಬ್ಬ ಸೊಸೆ. ಎಲ್ಲರದೂ ರಾತ್ರಿ ನಿದ್ದೆ ಮಾಡದ ಮುಖ. ಅಣ್ಣ ಅಂಗಳದಲ್ಲಿ ನಿಂತು ಕೊಕ್ಕೆ ಕೋಲಿನಿಂದ ದಾಸವಾಳ ಬಿಡಿಸುತ್ತಿದ್ದರು. ಚಿಕ್ಕಮ್ಮ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟರು.

"ಭಾವ! ನಿಮ್ಮನ್ನ ಮನೆಗೆ ಯಾವಾಗ ಕಳಿಸಿದ್ರು?"

ಅಣ್ಣ ಕೊಕ್ಕೆ ಇಳಿಸಿ ಗೌರವದಿಂದ ಯೋಚಿಸಿದರು. "ಯಾರಮ್ಮಾ ಕಳಿಸೋದು? ನಾನು ಹುಟ್ಟಿದ್ದೇ ಇಲ್ಲಿ."

ಆಮೇಲಿನ ಒಂದು ಗಂಟೆಯನ್ನು ವಿವರಿಸುವ ಧೈರ್ಯ ನನಗಿಲ್ಲ. ಚಿಕ್ಕಮ್ಮ ಅತ್ತು, ನಕ್ಕು, ನನ್ನನ್ನು ಬೈದು, ಮತ್ತೆ ನಕ್ಕರು. ದಾರಿಯಲ್ಲೇ ಮೂರು ಊರಿನ ನೆಂಟರಿಗೆ ಸುದ್ದಿ ಮುಟ್ಟಿಸಿದ್ದ ಅವರ ಹಿರಿಯ ಮಗ ಒಬ್ಬೊಬ್ಬರಿಗೂ ಫೋನು ಮಾಡಿ ಬರಬೇಡಿ ಎನ್ನುತ್ತ ಹಿತ್ತಲಿನಲ್ಲಿ ಓಡಾಡಿದ. ಗವಾಕ್ಷಿ ಎಂಬ ಚಿನ್ನದಂಥ ಪದ ನಿಘಂಟಿನಲ್ಲಿ ಸುಮ್ಮನೆ ಕೂತಿದ್ದು ಯಾಕೆ ಎಂದು ನನಗೆ ಆಗ ಅರ್ಥವಾಯಿತು. ನಮ್ಮಂಥವರು ಅದನ್ನು ಹೊರಗೆ ಬಿಟ್ಟಿರಲಿಲ್ಲ.

ತಿಂಡಿಗೆ ಕೂತಾಗ ಅಣ್ಣ ಕೇಳಿದರು, "ಅಲ್ಲಯ್ಯ, ವೆಂಟಿಲೇಟರ್ ತೆಗೆಸೋದು ಅಂದ್ರೆ ಏನು?" ಆಗ ಹೊಳೆಯಿತು: ಹದಿನೈದು ದಿನದಿಂದ ಎಸಿಯವನನ್ನು, ಮೇಸ್ತ್ರಿಯನ್ನು, ವಾಸ್ತುವಿನವರನ್ನು, ವಾಕಿಂಗಿನವರನ್ನು ಕೇಳಿದ್ದೆವು. ಈ ಮನೆಯಲ್ಲಿ ಎಂಬತ್ತಾರು ವರ್ಷ ಉಸಿರಾಡಿದವರನ್ನು ಕೇಳಿರಲಿಲ್ಲ. ಹೇಳಿದೆ. ಅವರು ಇಡ್ಲಿ ಮುಗಿಸಿ, ಕೈ ತೊಳೆದು, ಮೊಮ್ಮಗನ ಕೋಣೆಗೆ ನಡೆದರು. ಹಿಂದೆ ಇಡೀ ಮೈಸೂರು, ಬೆಂಗಳೂರು.

ಆ ಕೋಣೆಯ ಕಿಂಡಿಯಿಂದ ಒಂದು ಹಳೆಯ ಹಗ್ಗ ಇಳಿಬಿದ್ದಿದೆ. ಅದರ ತುದಿಗೆ ಮಗ ಹೆಡ್‌ಫೋನ್ ನೇತುಹಾಕುತ್ತಾನೆ. ಅಣ್ಣ ಹೆಡ್‌ಫೋನ್ ತೆಗೆದು ಮೊಮ್ಮಗನ ಕೈಗಿಟ್ಟು, "ಇದು ಯಾಕಿದೆ ಅಂದ್ಕೊಂಡಿದೀರಿ?" ಅಂದರು.

ಯಾರೂ ಮಾತಾಡಲಿಲ್ಲ.

"ಎಳೆದ್ರೆ ಹಲಗೆ ನಿಲ್ಲುತ್ತೆ, ಕಿಂಡಿ ಮುಚ್ಚುತ್ತೆ. ಬಿಟ್ರೆ ಮಲಗುತ್ತೆ, ತೆಗೆಯುತ್ತೆ. ಹನ್ನೊಂದಕ್ಕೂ ಇತ್ತು. ಸಂಜೆ ದೀಪ ಹಚ್ಚೋ ಮುಂಚೆ ಎಲ್ಲಾ ಎಳೆಯೋ ಕೆಲಸ ಇವನದೇ ಆಗಿತ್ತು. ಸೊಳ್ಳೆ ಒಳಗೆ ಬರೋ ಹೊತ್ತು ನೋಡು ಅದು." ಇವನು ಎಂದು ಅವರು ಬೆರಳು ತೋರಿಸಿದ್ದು ನನ್ನ ಕಡೆಗೆ.

ಒಂದು ಕ್ಷಣ ತಬ್ಬಿಬ್ಬಾದೆ. ಆಮೇಲೆ ಅಂಗೈಗೇ ನೆನಪು ಬಂತು: ಒರಟು ಹುರಿ, ಎಳೆದಾಗ ಮೇಲೆ ಟಕ್ ಎನ್ನುವ ಸದ್ದು, ಹನ್ನೊಂದು ಕಿಂಡಿಗಳ ಸುತ್ತು, ಕೊನೆಯದು ಮುಗಿದ ಮೇಲೆ ಅಜ್ಜಿ ಕೊಡುತ್ತಿದ್ದ ಕೊಬ್ಬರಿ ಚೂರು. ಮತ್ತೆ ಯಾಕೆ ನಿಂತಿತು? ಅದಕ್ಕೂ ಉತ್ತರ ಅಣ್ಣನ ಬಳಿಯೇ ಇತ್ತು. "1989, ನಿನ್ನ ಮದುವೆ. ಬಣ್ಣದೋರ ಹಿಂದೆ ನಿಂತು ಇನ್ನೊಂದು ಕೋಟು, ಇನ್ನೊಂದು ಕೋಟು ಅಂತ ಮಾಡಿಸಿದ್ಯಲ್ಲ. ಹಸಿರು ಎನಾಮಲ್ ಹಲಗೆಗೂ ಚೌಕಟ್ಟಿಗೂ ಒಟ್ಟಿಗೇ ಅಂಟ್ಕೊಂಡ್ತು. ಆವತ್ತಿಂದ ಅವು ಬಿಟ್ಟ ಕಣ್ಣು ಬಿಟ್ಟಂಗೆ ಇವೆ." ಮದುವೆಯಾದ ಆರು ತಿಂಗಳಿಗೆ ನನಗೆ ವರ್ಗವಾಯಿತು, ಊರೂರು ತಿರುಗಿ ನಿವೃತ್ತಿಯಾಗಿ ಮರಳುವಷ್ಟರಲ್ಲಿ ಅಲುಗಾಡದ ಬಾಗಿಲನ್ನು ನಾನು ಗೋಡೆಯ ತೂತೆಂದೇ ತಿಳಿದುಬಿಟ್ಟಿದ್ದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಮೂವತ್ತೈದು ವರ್ಷದ ಧೂಳು, ಪಾರಿವಾಳ, ಅಳಿಲು, ಪದ್ಮಕ್ಕ, ಎಲ್ಲಕ್ಕೂ ಕಾರಣನಾದವನು ಕೊನೆಗೂ ಸಿಕ್ಕಿದ್ದ. ಅವನನ್ನೇ ಅವಳು ಮದುವೆಯಾಗಿದ್ದಳು.

ತಾತನ ಬುದ್ಧಿಗೆ ಆವತ್ತು ಮನಸ್ಸಿನಲ್ಲೇ ಕೈಮುಗಿದೆ. ಗಾಳಿಯ ಮೇಲೆ ಅಷ್ಟೊಂದು ಭಯವಿದ್ದ ಮನುಷ್ಯ ತೂತು ಬಿಟ್ಟು ಸುಮ್ಮನಾಗಬಹುದಿತ್ತು. ಹಗ್ಗವನ್ನೂ ಇಟ್ಟರು. ಅವರು ಒಳಗಿನ ಗಾಳಿಗೆ ಹೆದರಿದ್ದರು, ನಾವು ಹೊರಗಿನ ಗಾಳಿಗೆ ಹೆದರುತ್ತಿದ್ದೇವೆ. ನಾಳೆ ಬರುವವರು ಇನ್ನು ಯಾವುದಕ್ಕೆ ಹೆದರುತ್ತಾರೋ. ತೆಗೆಯುವುದೋ ಮುಚ್ಚುವುದೋ ಎಂಬುದನ್ನು ಆಯಾ ದಿನ ಆಯಾ ಸಂಜೆ ಮನೆಯಲ್ಲಿ ಇರುವವರು ನೋಡಿಕೊಳ್ಳಲಿ ಎಂದು ಅವರು ಹುರಿಹಗ್ಗದ ತುದಿಗೆ ಬಿಟ್ಟಿದ್ದ ಪ್ರಶ್ನೆಗೆ ನಾವು ಸಿಮೆಂಟು ಕಲಸಲು ಹೊರಟಿದ್ದೆವು.

ಮೇಸ್ತ್ರಿಯ ಬದಲು ಬಡಗಿ ಬಂದ. ಬಣ್ಣ ಕೆರೆದು, ತಿರುಗಣೆಗೆ ಎಣ್ಣೆ ಬಿಟ್ಟು, ಮೂರು ಹಲಗೆ ಹೊಸದು ಮಾಡಿ, ಹೊರಗಡೆ ಬಿಚ್ಚಿ ತೊಳೆಯಲು ಬರುವಂಥ ಸೊಳ್ಳೆಪರದೆಯ ಚೌಕಟ್ಟು ಹೊಡೆದ. ತೊಳೆಯದಿದ್ದರೆ ಧೂಳು ಮೆತ್ತಿ ಅದೇ ಗೋಡೆಯಾಗುತ್ತದೆ ಎಂದು ಎಚ್ಚರಿಕೆಯನ್ನೂ ಹೇಳಿದ. ಬಚ್ಚಲಿನ ಹಲಗೆಯನ್ನು ಮಾತ್ರ ಯಾರೂ ಮರೆತು ಎಳೆಯದಿರಲಿ ಎಂದು ಪೂರ್ತಿ ತೆಗೆಸಿಹಾಕಿದೆವು. ಅಳಿಲಿನ ಕಿಂಡಿಯಲ್ಲಿ ಮರಿಗಳಿದ್ದವು. ಅವು ದೊಡ್ಡವಾಗುವವರೆಗೆ ಆ ಕೆಲಸ ಮುಂದೂಡಿದೆವು, ಜನಿವಾರದ ಮೇಲಿನ ಹಕ್ಕನ್ನು ನಾನು ಬಿಟ್ಟುಕೊಟ್ಟೆ. ಉಗ್ರಾಣದ ತೂತನ್ನು ಮುಚ್ಚಲು ಬಡಗಿ ಮರದ ಬೆಣೆ ತಂದಾಗ ನಾನು ಅಡ್ಡ ನಿಂತೆ.

ಎಸಿ ಬಂತು. ಕಿಂಡಿಯ ಹಗ್ಗ ಎಳೆದು, ಹಲಗೆಯ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ, ಮಗ ಬಾಗಿಲು ಹಾಕಿಕೊಂಡ. ಒಳಗೆ ಕಾಶ್ಮೀರ. ನಮಗೂ ದಿನಕ್ಕೆರಡು ಸಲ ದರ್ಶನಕ್ಕೆ ಅವಕಾಶವಿತ್ತು. ಒಂದು ವಾರದ ಮೇಲೆ ಮಗ ಬೆಳಿಗ್ಗೆ ತಲೆ ಹಿಡಿದುಕೊಂಡು ಹೊರಗೆ ಬಂದ. ಅವನೇ ಎಲ್ಲೋ ಓದಿ ಕಂಡುಕೊಂಡಿದ್ದ: ಗೋಡೆಗೆ ಹಾಕುವ ಈ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದೇ ಇಲ್ಲ, ಕೋಣೆಯಲ್ಲಿದ್ದ ಗಾಳಿಯನ್ನೇ ಎಳೆದು ತಂಪು ಮಾಡಿ ಮತ್ತೆ ಮತ್ತೆ ಬಡಿಸುತ್ತದೆ. "ರಾತ್ರಿಯೆಲ್ಲ ನಾನು ಬಿಟ್ಟ ಉಸಿರನ್ನೇ ನಾನು ಫ್ರಿಜ್ಜಿನಲ್ಲಿಟ್ಟು ಉಸಿರಾಡ್ತಿದೀನಿ ಅಪ್ಪ" ಅಂದ. ನಾನು ಏನೂ ಹೇಳಲಿಲ್ಲ. ಅಣ್ಣನೂ ಹೇಳಲಿಲ್ಲ, ಪೇಪರು ಮಗುಚುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಆವತ್ತು ರಾತ್ರಿ ಮಳೆ ಬಂತು. ಬೆಂಗಳೂರಿನಲ್ಲಿ ಮಳೆಯ ಮೊದಲ ಹನಿಗೆ ಕರೆಂಟು ಹೋಗುವುದು ಸಂಪ್ರದಾಯ. ಎಸಿ ಗುಕ್ಕೆಂದು ನಿಂತಿತು. ಮನೆಯೆಲ್ಲ ನಿಶ್ಶಬ್ದ. ಹಾಸಿಗೆಯಲ್ಲಿ ಎಚ್ಚರವಾಗಿಯೇ ಇದ್ದ ನನಗೆ ಮಗನ ಕೋಣೆಯಲ್ಲಿ ಕತ್ತಲಿನಲ್ಲಿ ತಡಕಾಡುವುದು ಕೇಳಿಸಿತು, ಆಮೇಲೆ ಮೇಲೆಲ್ಲೋ ಟಕ್. ಐವತ್ತು ವರ್ಷದ ಹಿಂದಿನ ಸದ್ದು, ಸ್ವಲ್ಪವೂ ಬದಲಾಗಿರಲಿಲ್ಲ. ಪಕ್ಕದ ಕೋಣೆಯಿಂದ ಅಣ್ಣ ಸಣ್ಣಗೆ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು. ಒದ್ದೆ ಮಣ್ಣಿನ ವಾಸನೆ ಬಾಗಿಲ ಸಂದಿಯಿಂದ ನಮ್ಮ ಕೋಣೆಗೂ ಬಂತು.

ಈ ವಿಷಯವನ್ನು ಮಗನ ಮುಂದೆ ಎತ್ತಬಾರದು, ಗೆದ್ದೆವೆಂದು ತೋರಿಸಿಕೊಳ್ಳಬಾರದು ಎಂದು ನಾನೂ ಹೆಂಡತಿಯೂ ಪಿಸುಗುಟ್ಟಿ ಮಾತಾಡಿಕೊಂಡೆವು.

ಬೆಳಿಗ್ಗೆ ಹಾಲಿಗೆ ಹೋದರೆ ಪದ್ಮಕ್ಕ ರಂಗೋಲಿ ಹಾಕುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ರಾತ್ರಿ ಹನ್ನೊಂದೂ ಕಾಲಿಗೆ ಹುಡುಗ ತೆಗೆದ ಅಲ್ವಾ? ನೀವು ಹೇಳಿದ್ದು ಸರಿ ರಾಯರೇ. ನಾನೂ ಏನೂ ಗೊತ್ತಿಲ್ದಂಗೇ ಇರ್ತೀನಿ."